ಉಗುರಗಲದ ಉಗ್ರಾಣ

ಕಳೆದ ವರ್ಷ ಬೇಸಗೆಯ ರಜೆ ಮುಗಿದು ತರಗತಿಗಳು ಮೊದಲಾದ ವಾರದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಗೆ ಬಂದು ಒಂದು ಸಣ್ಣ ಕರಿಯ ಬಿಲ್ಲೆಯನ್ನು ಮೇಜಿನ ಮೇಲಿಟ್ಟನು. ಉದ್ದ ೧೫ ಮಿಲಿಮೀಟರು, ಅಗಲ ೧೧ ಮಿಲಿಮೀಟರು, ದಪ್ಪ ೧ ಮಿಲಿಮೀಟರು; ಹೆಬ್ಬೆರಳಿನ ಉಗುರಿನಷ್ಟು ವಸ್ತು. ಮೈಕ್ರೋ ಎಸ್‌ಡಿ ಎಂಬ ಜಾತಿಯ ಮೆಮರಿ ಕಾರ್ಡು ಅದು. ದುಬೈಯಲ್ಲಿರುವ ಸೋದರಮಾವನು ಅವನಿಗೆ ನಿಂಟೆಂಡೊ ಸ್ವಿಚ್ ಎಂಬ, ಕೈಯಲ್ಲಿ ಹಿಡಿದು ಆಡತಕ್ಕ ಆಟದ ಯಂತ್ರವನ್ನು ತಂದುಕೊಟ್ಟಿದ್ದನು. ಅದಕ್ಕೆಂದು ಈತನು ಮನೆಪಾಠ ಹೇಳಿ ಕೂಡಿಸಿದ್ದ ಹಣದಿಂದ ಈ ಕಾರ್ಡನ್ನು ಕೊಂಡಿದ್ದನು. ಮೈಮೇಲೆ ‘೧ ಟೆರಾಬೈಟು’ ಎಂದು ಅಂದವಾಗಿ ಅಚ್ಚಾಗಿತ್ತು. ಬೆಲೆಯು ಅದೇ ಅಳತೆಯ ಬೇರೆ ಕಾರ್ಡುಗಳ ಬೆಲೆಯಲ್ಲಿ ಹತ್ತರಲ್ಲೊಂದು ಪಾಲು.

ಮೊದಲ ಎರಡು ಆಟಗಳು ಸರಿಯಾಗಿಯೇ ನಡೆದುವಂತೆ. ಆಮೇಲೆ ಇಳಿಸಿಕೊಂಡ ಆಟಗಳ ಹೆಸರುಗಳು ಪಟ್ಟಿಯಲ್ಲಿ ಕಾಣುತ್ತಿದ್ದುವು; ತೆರೆಯಹೋದರೆ ದತ್ತಾಂಶವು ಕೆಟ್ಟಿದೆಯೆಂದು ಯಂತ್ರವು ಹೇಳುತ್ತಿತ್ತು. ರಜೆಯುದ್ದಕ್ಕೂ ಆಟದ ನಡುವೆ ತೆಗೆದು, ಯಂತ್ರದಿಂದ ಕಾರ್ಡಿಗೆ ಸಾಗಿಸಿದ್ದ ಚಿತ್ರಗಳಲ್ಲಿ ಬಹುಪಾಲು ತೆರೆಯಲೇ ಇಲ್ಲ. “ಯಂತ್ರ ಕೆಟ್ಟಿದೆಯೆ, ಸಾರ್? ಅಥವಾ ನಾನೇ ಏನಾದರೂ ತಪ್ಪು ಮಾಡಿದೆನೆ?” ಎಂದು ಅವನು ಕೇಳಿದನು. ಯಂತ್ರವು ಕೆಟ್ಟಿರಲಿಲ್ಲ. ಅವನು ಮಾಡಿದ್ದ ತಪ್ಪೆಂದರೆ, ಅಳೆದು ನೋಡದೆ ಒಂದು ಸಂಖ್ಯೆಯನ್ನು ನಂಬಿದ್ದು. ಆ ಸಂಖ್ಯೆಯ ಅರ್ಥವೇನು, ಅದನ್ನು ಅಳೆಯುವುದು ಹೇಗೆ, ಹೆಚ್ಚಿನ ಸಾಮರ್ಥ್ಯದ ಕಾರ್ಡನ್ನು ಕೊಳ್ಳುವವರು ಏನನ್ನು ನೋಡಿ ಕೊಳ್ಳಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಯಂತ್ರಕ್ಕೆ ಕಾರ್ಡೇಕೆ ಬೇಕು?

ಜಪಾನಿನ ನಿಂಟೆಂಡೊ ಸಂಸ್ಥೆಯು ಸ್ವಿಚ್ ಯಂತ್ರವನ್ನು ಮಾರುಕಟ್ಟೆಗೆ ತಂದುದು ೨೦೧೭ನೆಯ ಮಾರ್ಚ್ ೩ರಂದು. ಆಗ ಅದರೊಳಗೆ ಇದ್ದ ಸ್ವಂತ ಸ್ಮೃತಿಯು ೩೨ ಗಿಗಾಬೈಟು ಮಾತ್ರ; ಅದರಲ್ಲಿಯೂ ಒಂದಂಶವು ಯಂತ್ರದ ಆಂತರಿಕ ವ್ಯವಸ್ಥೆಗೇ ಸಲ್ಲುತ್ತಿತ್ತು. ಅದೇ ದಿನ ಹೊರಬಂದ ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಎಂಬ ಒಂದೇ ಆಟಕ್ಕೆ ಸುಮಾರು ೧೩ ಗಿಗಾಬೈಟು ಬೇಕು. ಅಂತಹ ಆಟಗಳು ಎರಡು ಸೇರುವಷ್ಟರಲ್ಲಿ ಮನೆ ತುಂಬಿಹೋಗುತ್ತದೆ. ೨೦೨೧ರಲ್ಲಿ ಬಂದ ಓಎಲ್‌ಇಡಿ ಪರದೆಯ ಮಾದರಿಯಲ್ಲಿ ಸ್ಮೃತಿಯನ್ನು ೬೪ ಗಿಗಾಬೈಟಿಗೆ ಏರಿಸಿದರು. ಅಷ್ಟರಲ್ಲಿ ಆಟಗಳೂ ಹಿಗ್ಗಿದ್ದುವು. ಆದುದರಿಂದಲೇ ಯಂತ್ರದ ಹಿಂಬದಿಯಲ್ಲಿ ಕಾರ್ಡಿಗೆಂದು ಒಂದು ಸೀಳು ಇರುವುದು.

ಇಲ್ಲಿ ಒಂದು ವಿಷಯವನ್ನು ವಾಚಕರು ನೆನಪಿಡುವುದು ಒಳ್ಳೆಯದು. ಇಳಿಸಿಕೊಂಡ ಆಟಗಳೂ ಚಿತ್ರಗಳೂ ಕಾರ್ಡಿನಲ್ಲಿ ಇರಬಹುದು. ಆದರೆ ಆಟಗಾರನು ಎಲ್ಲಿಯವರೆಗೆ ಆಡಿದ್ದಾನೆ ಎಂಬ ದಾಖಲೆಯು ಈ ಯಂತ್ರದಲ್ಲಿ ಯಾವಾಗಲೂ ಸ್ವಂತ ಸ್ಮೃತಿಯಲ್ಲಿಯೇ ಉಳಿಯುತ್ತದೆ. ನಮ್ಮ ವಿದ್ಯಾರ್ಥಿಯ ಅರುವತ್ತು ಗಂಟೆಗಳ ಆಟವು ಹಾಗೆ ಉಳಿದುಕೊಂಡಿತು. ಹಣ ಕೊಟ್ಟು ಪಡೆದ ಆಟಗಳನ್ನೂ ಮತ್ತೆ ಇಳಿಸಿಕೊಳ್ಳಬಹುದಾಗಿತ್ತು. ಹೋದುದು ಕಾರ್ಡಿನಲ್ಲಿ ಮಾತ್ರ ಇದ್ದ ಚಿತ್ರಗಳು.

ಎಲೆಕ್ಟ್ರಾನುಗಳ ಸೆರೆ

‘ಹೌದು’ ಅಥವಾ ‘ಅಲ್ಲ’ ಎಂಬ ಒಂದು ಉತ್ತರವನ್ನು ಬರೆದಿಡಲು ಬೇಕಾದ ಸ್ಥಳಕ್ಕೆ ಬಿಟ್ ಎಂದು ಹೆಸರು. ಎಂಟು ಬಿಟ್‌ಗಳು ಸೇರಿದರೆ ಒಂದು ಬೈಟು. ೧೦೦ ಕೋಟಿ ಬೈಟುಗಳು ಒಂದು ಗಿಗಾಬೈಟು. ಸಾವಿರ ಗಿಗಾಬೈಟುಗಳು, ಎಂದರೆ ೧ ಲಕ್ಷ ಕೋಟಿ ಬೈಟುಗಳು, ಒಂದು ಟೆರಾಬೈಟು. ಹೀಗಾಗಿ ಒಂದು ಟೆರಾಬೈಟಿನ ಕಾರ್ಡು ೮ ಲಕ್ಷ ಕೋಟಿ ಉತ್ತರಗಳನ್ನು, ವಿದ್ಯುತ್ತಿನ ಆಸರೆಯಿಲ್ಲದೆಯೂ, ನೆನಪಿಟ್ಟುಕೊಳ್ಳಬೇಕಾಗಿದೆ. ಅದು ಹೇಗೆ ಸಾಧ್ಯ?

ಕಾರ್ಡಿನ ಒಳಗಿರುವುದು ಟ್ರಾನ್ಸಿಸ್ಟರುಗಳ ಸಮುದಾಯ. ಟ್ರಾನ್ಸಿಸ್ಟರು ವಿದ್ಯುತ್ಪ್ರವಾಹದ ಹಾದಿಯಲ್ಲಿ ಇರುವ ಒಂದು ತೂಬು. ತೂಬಿನ ಬಾಗಿಲಿಗೆ ಸಾಕಷ್ಟು ವೋಲ್ಟೇಜನ್ನು ಕೊಟ್ಟಾಗ ಪ್ರವಾಹವು ಹರಿಯುತ್ತದೆ, ಕೊಡದಿದ್ದರೆ ನಿಲ್ಲುತ್ತದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಸ್ಜೆ ಎಂಬ ವಿಜ್ಞಾನಿಗಳು ೧೯೬೭ರಲ್ಲಿ ಈ ಬಾಗಿಲಿನ ಕೆಳಗೆ ಇನ್ನೊಂದು ಬಾಗಿಲನ್ನು ಹುದುಗಿಸಿದರು. ಅದಕ್ಕೆ ಯಾವ ತಂತಿಯ ಸಂಪರ್ಕವೂ ಇಲ್ಲ. ಸುತ್ತಲೂ ಅವಾಹಕವಾದ ಸಿಲಿಕಾನ್ ಡೈಆಕ್ಸೈಡಿನ ಹೊದಿಕೆ. ಅದರಲ್ಲಿ ಎಲೆಕ್ಟ್ರಾನುಗಳನ್ನು ತುಂಬಿದರೆ ಅವು ಹೊರಬೀಳಲಾರದೆ ವರ್ಷಗಟ್ಟಲೆ ಸೆರೆಯಲ್ಲಿರುತ್ತವೆ. ಅವುಗಳ ಋಣಾವೇಶವು ಮೇಲಿನ ಬಾಗಿಲಿನ ಪ್ರಭಾವಕ್ಕೆ ಅಡ್ಡಬರುವುದರಿಂದ, ತೂಬನ್ನು ತೆರೆಯಲು ಹೆಚ್ಚಿನ ವೋಲ್ಟೇಜು ಬೇಕಾಗುತ್ತದೆ. ಎಷ್ಟು ವೋಲ್ಟೇಜಿಗೆ ಪ್ರವಾಹ ಹರಿಯಿತೆಂಬುದನ್ನು ನೋಡಿದರೆ ಒಳಗೆ ಎಷ್ಟು ಎಲೆಕ್ಟ್ರಾನುಗಳಿವೆಯೆಂಬುದು ತಿಳಿದುಬರುತ್ತದೆ. ಕಾರ್ಡನ್ನು ಓದುವುದೆಂದರೆ ಇಷ್ಟೇ.

ಹೊದಿಕೆಯು ಅವಾಹಕವಾದರೆ ಎಲೆಕ್ಟ್ರಾನು ಒಳಗೆ ಹೋದುದು ಹೇಗೆಂದು ವಾಚಕರು ಕೇಳಬಹುದು. ಈ ಹೊದಿಕೆಯ ದಪ್ಪವು ಸುಮಾರು ೭ ನ್ಯಾನೋಮೀಟರು. ಅಂತಹ ಹದಿನಾಲ್ಕು ಸಾವಿರ ಪದರಗಳನ್ನು ಒಂದರ ಮೇಲೊಂದಿಟ್ಟರೆ ಒಂದು ಕಾಗದದ ಹಾಳೆಯಷ್ಟಾದೀತು. ಅದಕ್ಕೆ ಅಡ್ಡಲಾಗಿ ತೀವ್ರವಾದ ವಿದ್ಯುತ್ ಕ್ಷೇತ್ರವನ್ನು ಒಡ್ಡಿದಾಗ, ಹಳೆಯ ಭೌತಶಾಸ್ತ್ರದ ಪ್ರಕಾರ ದಾಟಲಾಗದ ಗೋಡೆಯನ್ನು ಎಲೆಕ್ಟ್ರಾನು ಸುರಂಗದ ಮೂಲಕವೋ ಎಂಬಂತೆ ದಾಟಿಬಿಡುತ್ತದೆ. ತೀವ್ರ ಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಹೀಗೆ ಹೊರಬೀಳುವ ಲೆಕ್ಕವನ್ನು ಕ್ವಾಂಟಂ ಸಿದ್ಧಾಂತದಿಂದ ಬಿಡಿಸಿದವರು ರಾಲ್ಫ್ ಫೌಲರ್ ಮತ್ತು ಲೋಥಾರ್ ನಾರ್ಡ್‌ಹೈಮ್, ೧೯೨೮ರಲ್ಲಿ. ಈ ಫೌಲರರೇ ಮುಂದೆ ಕೇಂಬ್ರಿಜ್ಜಿನಲ್ಲಿ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರಿಗೂ ಹೋಮಿ ಭಾಭಾ ಅವರಿಗೂ ಮಾರ್ಗದರ್ಶಕರಾದವರು. ಅಂದು ಶುದ್ಧ ಸಿದ್ಧಾಂತವಾಗಿದ್ದುದು ಇಂದು ಹುಡುಗರ ಜೇಬಿನಲ್ಲಿ ಕೆಲಸಮಾಡುತ್ತಿದೆ.

ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಓಕ ಅವರು ಇಂತಹ ಕೋಶಗಳನ್ನು ಒಂದೊಂದಾಗಿ ಅಳಿಸುವುದರ ಬದಲು ದೊಡ್ಡ ದೊಡ್ಡ ಗುಂಪುಗಳಾಗಿ ಒಮ್ಮೆಗೇ ಅಳಿಸುವ ಏರ್ಪಾಟನ್ನು ೧೯೮೪ರಲ್ಲಿ ವಿದ್ವಾಂಸರ ಮುಂದಿಟ್ಟರು. ಆ ಕ್ಷಿಪ್ರತೆಯು ಕ್ಯಾಮರಾದ ಮಿಂಚುದೀಪವನ್ನು ನೆನಪಿಗೆ ತಂದುದರಿಂದ ಅವರ ಸಹೋದ್ಯೋಗಿಯೊಬ್ಬರು ‘ಫ್ಲ್ಯಾಶ್’ ಎಂಬ ಹೆಸರನ್ನು ಸೂಚಿಸಿದರಂತೆ. ಇಂದಿನ ಕಾರ್ಡುಗಳಲ್ಲಿರುವುದು ಅದರದೇ ಇನ್ನೊಂದು ಬಗೆ. ನ್ಯಾಂಡ್ ಎಂದು ಕರೆಯಲ್ಪಡುವ ಅದನ್ನು ಪ್ರಕಟಿಸಿದ್ದು ೧೯೮೭ರಲ್ಲಿ.

ಲೋಟದಲ್ಲಿ ನೀರು ಇದೆಯೆ, ಇಲ್ಲವೆ ಎಂದು ಮಾತ್ರ ನೋಡಿದರೆ ಒಂದು ಲೋಟದಿಂದ ಒಂದು ಬಿಟ್ ಸಿಕ್ಕುತ್ತದೆ. ಎಂಟು ಮಟ್ಟಗಳನ್ನು ಗುರುತಿಸಿ ಓದಬಲ್ಲೆವಾದರೆ ಅದೇ ಲೋಟದಿಂದ ಮೂರು ಬಿಟ್‌ಗಳನ್ನು ಪಡೆಯಬಹುದು. ಇಂದಿನ ಅನೇಕ ಕಾರ್ಡುಗಳಲ್ಲಿ ಒಂದೊಂದು ಕೋಶದಲ್ಲಿಯೂ ಹೀಗೆ ಮೂರು ಬಿಟ್‌ಗಳಿರುತ್ತವೆ. ಆಗಲೂ ಒಂದು ಟೆರಾಬೈಟಿಗೆ ಸುಮಾರು ೨.೭ ಲಕ್ಷ ಕೋಟಿ ಕೋಶಗಳು ಬೇಕು. ಲೋಕದಲ್ಲಿರುವ ಪ್ರತಿಯೊಬ್ಬ ಮನುಷ್ಯನಿಗೂ ಮುನ್ನೂರಕ್ಕೂ ಹೆಚ್ಚು! ಉಗುರಗಲದ ನೆಲದಲ್ಲಿ ಇಷ್ಟು ಮನೆಗಳನ್ನು ಅಕ್ಕಪಕ್ಕದಲ್ಲಿ ಕಟ್ಟಲಾಗದು. ಆದುದರಿಂದ ೨೦೧೩ರಿಂದೀಚೆಗೆ ತಯಾರಕರು ಕೋಶಗಳನ್ನು ಮಹಡಿಯ ಮೇಲೆ ಮಹಡಿಯಾಗಿ ಕಟ್ಟತೊಡಗಿದರು. ಮೊದಲ ಮಾದರಿಯಲ್ಲಿ ೨೪ ಮಹಡಿಗಳಿದ್ದುವು. ಈಗ ನೂರಕ್ಕೂ ಮಿಕ್ಕಿದ ಮಹಡಿಗಳುಂಟು. ಅಂತಹ ಹಲವು ಸಿಲಿಕಾನ್ ತುಣುಕುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಟೆರಾಬೈಟಿನ ಕಾರ್ಡು ಸಿದ್ಧವಾಗುತ್ತದೆ. ಒಂದು ಟೆರಾಬೈಟಿನ ಮೈಕ್ರೋ ಎಸ್‌ಡಿ ಕಾರ್ಡನ್ನು ತಯಾರಕರು ಮೊದಲು ಘೋಷಿಸಿದುದು ೨೦೧೯ರಲ್ಲಿ.

ಇಲ್ಲಿಂದ ಕೊಳ್ಳುವವನಿಗೆ ಉಪಯುಕ್ತವಾದ ಒಂದು ತೀರ್ಮಾನವು ಹೊರಡುತ್ತದೆ. ಸಾಮರ್ಥ್ಯವು ಕೋಶಗಳ ಸಂಖ್ಯೆಯನ್ನೂ, ಕೋಶಗಳ ಸಂಖ್ಯೆಯು ಸಿಲಿಕಾನನ್ನೂ ಅವಲಂಬಿಸಿದೆ. ಸಿಲಿಕಾನು ಪುಕ್ಕಟೆಯಾಗಿ ಸಿಕ್ಕುವುದಿಲ್ಲ. ಉಳಿದವರೆಲ್ಲರೂ ಕೇಳುವ ಬೆಲೆಯ ಹತ್ತನೆಯ ಒಂದು ಪಾಲಿಗೆ ಅಷ್ಟೇ ಕೋಶಗಳನ್ನು ಯಾರೂ ಕೊಡಲಾರರು.

ಶಾನುಭೋಗನ ಲೆಕ್ಕ

ಹಾಗಾದರೆ ಯಂತ್ರವು ಮೋಸಹೋದುದು ಹೇಗೆ? ಆಟದ ಯಂತ್ರವು ಈ ಕೋಶಗಳನ್ನು ಎಂದೂ ನೇರವಾಗಿ ಮುಟ್ಟುವುದಿಲ್ಲ. ಕಾರ್ಡಿನಲ್ಲಿ ನಿಯಂತ್ರಕವೆಂಬ ಬೇರೊಂದು ಸಣ್ಣ ಗಣಕವುಂಟು. ಯಾವ ಕೋಶಗಳು ಸವೆದಿವೆ, ಯಾವುವು ಖಾಲಿ, ಯಾವ ದತ್ತಾಂಶವು ಎಲ್ಲಿದೆ ಎಂಬ ಲೆಕ್ಕವೆಲ್ಲವೂ ಅದರ ವಶದಲ್ಲಿದೆ. ಹಿಂದೆ ಊರಿನ ಜಮೀನಿನ ಲೆಕ್ಕವು ಶಾನುಭೋಗನ ಕಡತದಲ್ಲಿ ಇದ್ದಂತೆ ಇದು. ಮೇಲಿನ ಅಧಿಕಾರಿಯು ಹೊಲಕ್ಕೆ ಇಳಿಯುವುದಿಲ್ಲ. ಕಡತವನ್ನು ನೋಡಿ “ಇಷ್ಟು ಎಕರೆ” ಎಂದು ಒಪ್ಪಿಕೊಳ್ಳುತ್ತಾನೆ. ಯಂತ್ರವೂ “ನಿನ್ನ ಸಾಮರ್ಥ್ಯವೆಷ್ಟು?” ಎಂದು ನಿಯಂತ್ರಕವನ್ನು ಕೇಳುತ್ತದೆ, ಬಂದ ಉತ್ತರವನ್ನು ಪರದೆಯ ಮೇಲೆ ತೋರಿಸುತ್ತದೆ.

ನಕಲಿ ಕಾರ್ಡನ್ನು ಮಾಡುವವನು ೩೨ ಗಿಗಾಬೈಟಿನ ಅಗ್ಗದ ಕಾರ್ಡನ್ನು ತೆಗೆದುಕೊಂಡು ನಿಯಂತ್ರಕದ ಈ ಉತ್ತರವನ್ನು ಮಾತ್ರ ತಿದ್ದುತ್ತಾನೆ. ಪಹಣಿಯಲ್ಲಿ ಒಂದು ಎಕರೆಯನ್ನು ಮೂವತ್ತು ಎಕರೆಯೆಂದು ಬರೆದಂತಾಯಿತು. ಮೊದಲ ೩೨ ಗಿಗಾಬೈಟು ತುಂಬುವವರೆಗೆ ಏನೂ ತೊಂದರೆ ಕಾಣದು. ಅನಂತರ ಬಂದ ದತ್ತಾಂಶವನ್ನು ಇಡಲು ನಿಜವಾದ ಕೋಶಗಳೇ ಇಲ್ಲ. ಕೆಲವು ಕಾರ್ಡುಗಳು ಹಳೆಯದರ ಮೇಲೆಯೇ ಹೊಸದನ್ನು ಬರೆದು ಎರಡನ್ನೂ ಕೆಡಿಸುತ್ತವೆ. ಕೆಲವು “ಬರೆದೆ” ಎಂದು ಹೇಳಿ ಸುಮ್ಮನೆ ಚೆಲ್ಲಿಬಿಡುತ್ತವೆ. ಕಡತಗಳ ಹೆಸರುಗಳ ಪಟ್ಟಿಯು ಸಾಮಾನ್ಯವಾಗಿ ಕಾರ್ಡಿನ ಆರಂಭದ ಭಾಗದಲ್ಲಿ ಇರುವುದರಿಂದ ಅದು ಮಾತ್ರ ಉಳಿದಿರುತ್ತದೆ. ನಮ್ಮ ವಿದ್ಯಾರ್ಥಿಗೆ ಆಟಗಳ ಹೆಸರು ಕಂಡು ಆಟಗಳು ಕಾಣದೆ ಹೋದುದಕ್ಕೆ ಇದೇ ಕಾರಣ.

ಪ್ರಾಮಾಣಿಕವಾದ ಕೊರತೆ

ಸಂಖ್ಯೆಯಲ್ಲಿ ಕಾಣುವ ಎಲ್ಲ ಕೊರತೆಯೂ ಮೋಸವಲ್ಲವೆಂಬುದನ್ನೂ ಹೇಳಬೇಕು. ಒಂದು ಟೆರಾಬೈಟಿನ ಒಳ್ಳೆಯ ಕಾರ್ಡನ್ನು ವಿಂಡೋಸ್ ಗಣಕಕ್ಕೆ ಸೇರಿಸಿದರೆ ಸುಮಾರು ೯೩೧ ಗಿಗಾಬೈಟು ಎಂದು ಕಾಣುತ್ತದೆ. ಉಳಿದ ೬೯ ಎಲ್ಲಿ ಹೋಯಿತೆಂದು ಅನೇಕರು ಕಳವಳಪಡುವರು. ತಯಾರಕನು ಗಿಗಾಬೈಟೆಂದರೆ ೧೦೦ ಕೋಟಿ ಬೈಟು ಎಂದು ಎಣಿಸುತ್ತಾನೆ. ಗಣಕವು ೧೦೨೪ನ್ನು ಮೂರು ಬಾರಿ ಗುಣಿಸಿ, ೧೦೭,೩೭,೪೧,೮೨೪ ಬೈಟುಗಳನ್ನು ಒಂದು ಗಿಗಾಬೈಟಾಗಿ ಎಣಿಸುತ್ತದೆ. ಬೈಟುಗಳ ಸಂಖ್ಯೆ ಒಂದೇ. ಅಳೆಯುವ ಕೊಳಗವು ಬೇರೆ. ಇದೇ ಲೆಕ್ಕದಿಂದ ೨೫೬ ಗಿಗಾಬೈಟಿನ ಕಾರ್ಡು ಸುಮಾರು ೨೩೮ ಆಗಿಯೂ, ೫೧೨ರದು ಸುಮಾರು ೪೭೭ ಆಗಿಯೂ ಕಾಣುವುದು. ಇಷ್ಟರ ಮಟ್ಟಿನ ವ್ಯತ್ಯಾಸಕ್ಕೆ ಯಾರೂ ಅಂಜಬೇಕಾಗಿಲ್ಲ.

ಕಾರ್ಡಿನ ಮೇಲಣ ಗುರುತುಗಳು

ಇನ್ನು ಕೊಳ್ಳುವ ಮಾತಿಗೆ ಬರೋಣ. ಮೊದಲು ನೋಡತಕ್ಕದ್ದು ಜಾತಿ. ೩೨ ಗಿಗಾಬೈಟಿನವರೆಗಿನ ಕಾರ್ಡುಗಳು ಎಸ್‌ಡಿಎಚ್‌ಸಿ. ಅದಕ್ಕೆ ಮೇಲ್ಪಟ್ಟು ೨ ಟೆರಾಬೈಟಿನವರೆಗಿನವು ಎಸ್‌ಡಿಎಕ್ಸ್‌ಸಿ. ಈ ೨ ಟೆರಾಬೈಟಿನ ಎಲ್ಲೆಗೂ ಲೆಕ್ಕದ ಆಧಾರವುಂಟು. ಈ ಕಾರ್ಡುಗಳಲ್ಲಿ ದತ್ತಾಂಶವನ್ನು ೫೧೨ ಬೈಟುಗಳ ಕಟ್ಟುಗಳಾಗಿ ಎಣಿಸಿ, ಪ್ರತಿಯೊಂದು ಕಟ್ಟಿಗೂ ೩೨ ಬಿಟ್‌ಗಳ ಒಂದು ವಿಳಾಸವನ್ನು ಕೊಡುತ್ತಾರೆ. ೩೨ ಬಿಟ್‌ಗಳಿಂದ ಬರೆಯಬಹುದಾದ ವಿಳಾಸಗಳು ಸುಮಾರು ೪೨೯ ಕೋಟಿ. ಅದನ್ನು ೫೧೨ರಿಂದ ಗುಣಿಸಿದರೆ ಸುಮಾರು ೨.೨ ಲಕ್ಷ ಕೋಟಿ ಬೈಟುಗಳಾಗುತ್ತವೆ. ಅದರಾಚೆಗೆ ಕೋಶಗಳಿದ್ದರೂ ಕರೆಯಲು ವಿಳಾಸವಿಲ್ಲ. ಸ್ವಿಚ್ ಯಂತ್ರವು ಒಪ್ಪುವ ಗರಿಷ್ಠ ಸಾಮರ್ಥ್ಯವೂ ೨ ಟೆರಾಬೈಟೇ. ಆದುದರಿಂದ ಎಸ್‌ಡಿಎಕ್ಸ್‌ಸಿ ಎಂಬ ಗುರುತಿನ ಜೊತೆಗೆ ‘೧೬ ಟೆರಾಬೈಟು’ ಎಂದು ಅಚ್ಚಾಗಿದ್ದರೆ, ಆ ಕಾರ್ಡನ್ನು ಪರೀಕ್ಷಿಸುವ ಶ್ರಮವೂ ಬೇಡ.

ಎರಡನೆಯದು ವೇಗ. ಯು-೩ ಅಥವಾ ವಿ-೩೦ ಎಂಬ ಗುರುತಿದ್ದರೆ, ಎಡೆಬಿಡದೆ ಬರೆಯುವಾಗ ಸೆಕೆಂಡಿಗೆ ೩೦ ಮೆಗಾಬೈಟಿಗೆ ಕಡಿಮೆಯಿಲ್ಲದ ವೇಗವನ್ನು ಅದು ಸೂಚಿಸುತ್ತದೆ. ಎ-೧, ಎ-೨ ಎಂಬವು ಅಲ್ಲಲ್ಲಿ ಚದರಿದ ಸಣ್ಣ ತುಣುಕುಗಳನ್ನು ಎಷ್ಟು ಬೇಗ ಹುಡುಕಿ ಓದಬಲ್ಲುದೆಂಬುದನ್ನು ತಿಳಿಸುತ್ತವೆ. ಆಟವಾಡುವವನಿಗೆ ಮುಖ್ಯವಾದುದು ಓದುವ ವೇಗ. ಸೆಕೆಂಡಿಗೆ ೬೦ರಿಂದ ೯೫ ಮೆಗಾಬೈಟು ಓದುವ ಕಾರ್ಡನ್ನು ನಿಂಟೆಂಡೊ ಸಂಸ್ಥೆಯೇ ಸಲಹೆಮಾಡಿದೆ. ಕೆಲವು ಕಾರ್ಡುಗಳ ಮೇಲೆ ೧೯೦, ೨೦೦ ಎಂಬ ಅಂಕಿಗಳೂ ಇರುತ್ತವೆ. ಆದರೆ ಸ್ವಿಚ್ ಯಂತ್ರಕ್ಕೂ ಕಾರ್ಡಿಗೂ ನಡುವಣ ಯುಎಚ್‌ಎಸ್-೧ ಎಂಬ ಕಾಲುವೆಯಲ್ಲಿ ಸೆಕೆಂಡಿಗೆ ೧೦೪ ಮೆಗಾಬೈಟಿಗಿಂತ ಹೆಚ್ಚು ಹರಿಯಲಾರದು. ಕೆರೆ ಎಷ್ಟು ದೊಡ್ಡದಾದರೇನು, ಗದ್ದೆಗೆ ಬರುವುದು ಕಾಲುವೆ ಹಿಡಿದಷ್ಟೇ ನೀರು.

ಆದರೆ ಹೊಸ ಯಂತ್ರದ ಮಾತು ಬೇರೆ. ೨೦೨೫ನೆಯ ಜೂನ್ ೫ರಂದು ಬಂದ ಸ್ವಿಚ್-೨ ಯಂತ್ರದೊಳಗೆ ೨೫೬ ಗಿಗಾಬೈಟಿನ ಸ್ಮೃತಿಯಿದೆ. ಅದು ಆಟಗಳಿಗಾಗಿ ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಜಾತಿಯನ್ನು ಮಾತ್ರ ಒಪ್ಪುತ್ತದೆ. ಈ ಕಾರ್ಡಿನ ಹಿಂಬದಿಯಲ್ಲಿ ಲೋಹದ ಸ್ಪರ್ಶಪಟ್ಟಿಗಳ ಎರಡನೆಯ ಸಾಲೊಂದಿರುತ್ತದೆ. ಅದರ ಕಾಲುವೆಯಲ್ಲಿ ಸೆಕೆಂಡಿಗೆ ೯೮೫ ಮೆಗಾಬೈಟಿನವರೆಗೆ ಹರಿಯಲು ಅವಕಾಶವಿದೆ. ಹಳೆಯ ಕಾರ್ಡು ಅದೇ ಸೀಳಿನಲ್ಲಿ ಕುಳಿತುಕೊಂಡರೂ, ಅದರಿಂದ ಚಿತ್ರಗಳನ್ನೂ ಚಲನಚಿತ್ರಗಳನ್ನೂ ಯಂತ್ರಕ್ಕೆ ತಂದುಕೊಳ್ಳಬಹುದಲ್ಲದೆ ಆಟಗಳನ್ನು ಇಡಲಾಗದು. ಕೊಳ್ಳುವ ಮೊದಲು ತಮ್ಮ ಯಂತ್ರವು ಯಾವುದೆಂಬುದನ್ನು ಖಚಿತಪಡಿಸಿಕೊಳ್ಳದವರು ಒಳ್ಳೆಯ ಕಾರ್ಡಿಗೆ ಹಣ ಕೊಟ್ಟೂ ನಿರಾಶರಾಗಬಹುದು.

ಮೂರನೆಯದು ಸಾಮರ್ಥ್ಯ. ಹಳೆಯ ಸ್ವಿಚ್ಚಿನ ದೊಡ್ಡ ಆಟವೊಂದಕ್ಕೆ ಸುಮಾರು ೧೫ ಗಿಗಾಬೈಟು ಎಂದಿಟ್ಟುಕೊಂಡರೆ, ೨೫೬ರ ಕಾರ್ಡಿನಲ್ಲಿ ಹದಿನೇಳು ಆಟಗಳು ಹಿಡಿಯುತ್ತವೆ. ವಿದ್ಯಾರ್ಥಿಗೆ ಇಷ್ಟು ಸಾಲದೆ? ಸವೆತದ ಚಿಂತೆಯೂ ಹೆಚ್ಚಾಗಿ ಬೇಡ. ಎಲೆಕ್ಟ್ರಾನುಗಳು ಹಾದುಹೋದಂತೆಲ್ಲ ಹೊದಿಕೆಯು ಸವೆಯುವುದು ನಿಜ. ಆದರೆ ಒಂದು ಸಾವಿರ ಸಲ ಮಾತ್ರ ಅಳಿಸಿ ಬರೆಯಬಹುದೆಂದು ಹಿಡಿದರೂ, ತಿಂಗಳಿಗೊಮ್ಮೆ ಇಡೀ ಕಾರ್ಡನ್ನು ಅಳಿಸಿ ತುಂಬುವವನಿಗೆ ಅದು ಎಂಬತ್ತು ವರ್ಷಗಳಿಗೂ ಮಿಕ್ಕ ಲೆಕ್ಕ. ಅದಕ್ಕಿಂತ ಬಹು ಮೊದಲೇ ಸೆರೆಯಲ್ಲಿರುವ ಎಲೆಕ್ಟ್ರಾನುಗಳು, ವಿಶೇಷವಾಗಿ ಬಿಸಿಯಲ್ಲಿ, ಮೆಲ್ಲಮೆಲ್ಲನೆ ಸೋರಿಹೋಗಬಹುದು. ಆದುದರಿಂದ ಮರಳಿ ದೊರೆಯದ ಯಾವುದನ್ನೂ ಒಂದೇ ಕಾರ್ಡಿನಲ್ಲಿ ಇಟ್ಟು ಮರೆಯಬಾರದು.

ಅಳೆದು ನೋಡುವುದು

ಕಡತವನ್ನು ನಂಬದವನು ಹೊಲಕ್ಕಿಳಿದು ಸರಪಳಿಯನ್ನು ಎಳೆಯಬೇಕು. ಕಾರ್ಡಿಗೂ ಅಂತಹ ಮೋಜಣಿಯುಂಟು. ಹೊಸ ಕಾರ್ಡನ್ನು ಆಟದ ಯಂತ್ರಕ್ಕೆ ಹಾಕುವ ಮುನ್ನ ಗಣಕಕ್ಕೆ ಸೇರಿಸಿ, ಮೊದಲಿನಿಂದ ಕೊನೆಯವರೆಗೆ ನಮಗೆ ಗೊತ್ತಿರುವ ದತ್ತಾಂಶದಿಂದ ತುಂಬಬೇಕು. ಪೂರ್ತಿ ತುಂಬಿದ ಮೇಲೆಯೇ ಮೊದಲಿನಿಂದ ಓದಿ, ಬರೆದುದೂ ಓದಿದುದೂ ಒಂದೆಯೇ ಎಂದು ಹೋಲಿಸಬೇಕು. ಸ್ವಲ್ಪ ಬರೆದು ಒಡನೆಯೇ ಓದಿದರೆ ನಕಲಿ ಕಾರ್ಡು ಸಿಕ್ಕಿಬೀಳದೆ ಹೋಗಬಹುದು. ಹಳೆಯದರ ಮೇಲೆ ಹೊಸದನ್ನು ಬರೆದುದು ಆಗ ತಿಳಿಯುವುದಿಲ್ಲ. ಈ ಕೆಲಸಕ್ಕೆಂದೇ ಎಚ್‌ಟೂಟೆಸ್ಟ್‌ಡಬ್ಲ್ಯು, ಎಫ್‌ತ್ರೀ ಮೊದಲಾದ ಉಚಿತ ತಂತ್ರಾಂಶಗಳಿವೆ. ತಾಳ್ಮೆ ಮಾತ್ರ ಬೇಕು. ಸೆಕೆಂಡಿಗೆ ೩೦ ಮೆಗಾಬೈಟಿನಂತೆ ಒಂದು ಟೆರಾಬೈಟನ್ನು ತುಂಬಲು ಒಂಬತ್ತು ಗಂಟೆಗೂ ಮೇಲಾಗುತ್ತದೆ. ೯೦ ಮೆಗಾಬೈಟಿನಂತೆ ಓದಲು ಮತ್ತೆ ಮೂರು ಗಂಟೆ. ರಾತ್ರಿ ಮಲಗುವಾಗ ಹಚ್ಚಿಟ್ಟರೆ ಮರುದಿನ ಫಲಿತಾಂಶವು ಕೈಗೆ ಬರುತ್ತದೆ. ಕೊಂಡ ದಿನವೇ ಇದನ್ನು ಮಾಡಬೇಕು. ಹಿಂದಿರುಗಿಸುವ ಅವಧಿಯು ಮೀರಿದ ಮೇಲೆ ಸತ್ಯವು ತಿಳಿದರೂ ಪ್ರಯೋಜನವು ಸ್ವಲ್ಪವೇ. ಅವಧಿಯೊಳಗೆ ಮಾರಿದವನು ಒಪ್ಪದಿದ್ದರೆ, ನಮ್ಮ ದೇಶದಲ್ಲಿ ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಕೊಳ್ಳುವವನ ಕಡೆಗಿದೆ. ಬಿಲ್ಲನ್ನೂ ಪರೀಕ್ಷೆಯ ಫಲಿತಾಂಶವನ್ನೂ ಜೋಪಾನವಾಗಿ ಇಟ್ಟುಕೊಂಡಿರಬೇಕು.

ನಮ್ಮ ವಿದ್ಯಾರ್ಥಿಯ ಕಾರ್ಡನ್ನು ಅಂದು ಸಂಜೆ ಪ್ರಯೋಗಶಾಲೆಯ ಗಣಕಕ್ಕೆ ಹಾಕಿ ಪರೀಕ್ಷೆಗೆ ಹಚ್ಚಿ ಮನೆಗೆ ಹೋದೆವು. ಮರುದಿನ ನೋಡಿದಾಗ ಮೊದಲ ೩೨ ಗಿಗಾಬೈಟಿನಷ್ಟು ಮಾತ್ರ ಸರಿಯಾಗಿತ್ತು. ಅದರಾಚೆಗೆ ಓದಿದುದೆಲ್ಲವೂ ಸೊನ್ನೆ. ಹಿಂದಿರುಗಿಸುವ ಅವಧಿಯು ಮುಗಿದುಹೋಗಿತ್ತು. ಮಾರಿದವನ ಅಂಗಡಿಯ ಹೆಸರೂ ಆ ವೇಳೆಗೆ ಮಾಯವಾಗಿತ್ತು. ಹುಡುಗನು ಬಹಳ ಹೊತ್ತು ಆ ಸೊನ್ನೆಗಳ ಸಾಲನ್ನು ನೋಡುತ್ತಾ ನಿಂತಿದ್ದನು.

ವರ್ನಿಯರ್ ಮಾಪಕವನ್ನು ಕೈಗೆ ಕೊಡುವಾಗ ನಾವು ಪ್ರತಿಯೊಬ್ಬ ವಿದ್ಯಾರ್ಥಿಗೂ ಮೊದಲು ಹೇಳುವುದು, “ಶೂನ್ಯದೋಷವನ್ನು ನೋಡಿಕೊಂಡು ಆಮೇಲೆ ಅಳೆ” ಎಂದು. ಉಪಕರಣದ ಮೇಲೆ ಅಚ್ಚಾದ ಗೆರೆಗಳನ್ನು ಕೂಡ ಪರೀಕ್ಷಿಸದೆ ಒಪ್ಪಬಾರದೆಂಬುದು ಭೌತಶಾಸ್ತ್ರದ ಮೊದಲ ಪಾಠ. ಅಂಗಡಿಯಲ್ಲಿಯೂ ಅದು ನೆನಪಿನಲ್ಲಿರಬೇಕು. ಆ ಕಾರ್ಡು ಈಗ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ವರ್ನಿಯರುಗಳ ಪಕ್ಕದಲ್ಲಿದೆ. ಹೊಸ ತಂಡವು ಬಂದಾಗಲೆಲ್ಲ ಅದನ್ನು ತೆಗೆದು ತೋರಿಸುತ್ತೇವೆ. ಈ ವರ್ಷ ಅದನ್ನು ಕುರಿತು ವಿವರಿಸಿದವನು ಆ ವಿದ್ಯಾರ್ಥಿಯೇ. ಅವನ ಯಂತ್ರದಲ್ಲಿ ಈಗ ಇರುವುದು ೨೫೬ ಗಿಗಾಬೈಟಿನ ಕಾರ್ಡು; ಕೊಂಡ ದಿನವೇ ರಾತ್ರಿಯೆಲ್ಲ ಪರೀಕ್ಷಿಸಿ, ಒಂದು ಬೈಟೂ ತಪ್ಪಿಲ್ಲವೆಂದು ಕಂಡ ಮೇಲೆ ಅದನ್ನು ಒಳಗೆ ಹಾಕಿದನಂತೆ.